ಕುತ್ತಿಗೆ ನೋವಿಗೆ ಕೈಚಿಕಿತ್ಸೆಯೋ, ಕರೆಂಟೋ?

ಪ್ರಶ್ನೆ: ನನಗೆ 43 ವರ್ಷ. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂತು ಲೆಕ್ಕಪತ್ರ ನೋಡುವ ಕೆಲಸ. ಎರಡು ವರ್ಷದಿಂದ ಕತ್ತಿನ ಹಿಂಭಾಗ ಮತ್ತು ಬಲ ಹೆಗಲು ನೋಯುತ್ತಿದೆ. ಕೈಗೆ ಜೋಮು ಬರುವುದಿಲ್ಲ. ಎಕ್ಸ್‌ರೇ ನೋಡಿ ‘ಸವೆತ ಇದೆ’ ಎಂದರು. ಮೊದಲು ಹೋದ ಕಡೆ ಹತ್ತು ದಿನ ಕರೆಂಟ್ ಕೊಟ್ಟರು. ಮಲಗಿದ್ದಷ್ಟು ಹೊತ್ತು ಹಾಯೆನಿಸುತ್ತಿತ್ತು, ಸಂಜೆಗೆ ಮತ್ತೆ ಅದೇ ನೋವು. ಈಗ ಇನ್ನೊಬ್ಬರು, ‘ಕರೆಂಟಿನಿಂದ ಏನೂ ಆಗದು, ಮೂಳೆ ಸ್ವಲ್ಪ ಸರಿದಿದೆ, ಕೈಯಿಂದ ಕೂರಿಸಬೇಕು’ ಎನ್ನುತ್ತಿದ್ದಾರೆ. ಎರಡರಲ್ಲಿ ಯಾವುದು ಒಳ್ಳೆಯದು? ಪದೇ ಪದೇ ಕರೆಂಟ್ ಕೊಟ್ಟರೆ ನರಕ್ಕೆ ಪೆಟ್ಟಾಗುತ್ತದೆಯೇ? ಮನೆಗೇ ಒಂದು ಯಂತ್ರ ತಂದುಕೊಂಡು ರಾತ್ರಿ ಹಾಕಿಕೊಂಡು ಮಲಗಬಹುದೇ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ‘ಮಲಗಿದ್ದಷ್ಟು ಹೊತ್ತು ಹಾಯೆನಿಸುತ್ತಿತ್ತು, ಸಂಜೆಗೆ ಮತ್ತೆ ಅದೇ ನೋವು.’ ಚಿಕಿತ್ಸೆ ಫಲ ಕೊಡಲಿಲ್ಲ ಎನ್ನುವುದಕ್ಕೆ ನೀವು ಇದನ್ನು ಬರೆದಿದ್ದೀರಿ. ನನಗೆ ಕಾಣುವುದು ಬೇರೆ. ಕರೆಂಟು ತನ್ನ ಪಾಲಿನ ಕೆಲಸ ಮಾಡಿತ್ತು. ನೋವು ತಗ್ಗಿದ ಆ ಒಂದೆರಡು ಗಂಟೆಯಲ್ಲಿ ನಿಮ್ಮ ಕತ್ತಿಗೆ, ಹೆಗಲಿಗೆ ಯಾರೂ ಯಾವ ಕೆಲಸವನ್ನೂ ಹೇಳಿಕೊಡಲಿಲ್ಲ. ಎದ್ದು ನೇರ ಕುರ್ಚಿಗೆ ಹೋದಿರಿ. ನಾನು ಫಿಸಿಯೋಥೆರಪಿಸ್ಟ್ ಆಗಿ ನೋಡಿದ ಹಳೆಯ ಕತ್ತುನೋವುಗಳಲ್ಲಿ ಬಹುಪಾಲು ಎಡವುವುದು ಇದೇ ಜಾಗದಲ್ಲಿ. ಹಾಗಾಗಿ ‘ಕೈಯೋ ಕರೆಂಟೋ’ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಆದರೆ ನಿಮ್ಮ ನೋವಿನ ಹಣೆಬರಹ ಆ ಉತ್ತರದ ಮೇಲೆ ಹೆಚ್ಚಾಗಿ ನಿಂತಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಅದಕ್ಕೂ ಮೊದಲು ಕೆಲವು ಪ್ರಶ್ನೆ ನಾನು ಕೇಳಬೇಕು. ಅಂಗಿಯ ಗುಂಡಿ ಹಾಕುವಾಗ, ಬೀಗದ ಕೈ ತಿರುಗಿಸುವಾಗ ಬೆರಳು ಮೊದಲಿನಂತೆ ಹೇಳಿದ ಮಾತು ಕೇಳುತ್ತವೆಯೇ? ನಡೆಯುವಾಗ ಕಾಲು ತಡವರಿಸುತ್ತದೆಯೇ? ಮೂತ್ರ ಹಿಡಿತ ತಪ್ಪಿದೆಯೇ? ಒಂದು ತೋಳಿನ ಬಲ ದಿನದಿಂದ ದಿನಕ್ಕೆ ಇಳಿಯುತ್ತಿದೆಯೇ? ಬಿದ್ದದ್ದು, ಗಾಡಿಗೆ ಗುದ್ದಿಸಿಕೊಂಡದ್ದು ಇದೆಯೇ? ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದು? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಮುಂದೆ ಬರೆದದ್ದೆಲ್ಲ ಪಕ್ಕಕ್ಕಿಡಿ, ಮೊದಲು ವೈದ್ಯರ ಬಳಿ ಹೋಗಿ. ಬೆರಳಿನ ನಾಜೂಕು ಕಳೆದುಹೋಗುವುದು, ನಡಿಗೆ ತೊಡರುವುದು ಬೆನ್ನುಹುರಿಯೇ ಒತ್ತಿಗೆ ಸಿಕ್ಕಿದೆ ಎಂಬ ಸೂಚನೆ ಇರಬಹುದು. ಅಂಥ ಕತ್ತಿಗೆ ಯಾರೂ ಕೈ ಹಾಕಿ ತಿರುವಬಾರದು. ನಿಮ್ಮ ಪತ್ರದಲ್ಲಿ ಇಂಥ ಯಾವುದರ ಸುಳಿವೂ ಇಲ್ಲ. ಹೊರಗೆ ಕಾಣುವ ಒಂದು ಕಾಯಿಲೆ ಎಂದು ಬೆರಳಿಟ್ಟು ತೋರಿಸಲಾಗದ, ಆದರೆ ಮೂರು ತಿಂಗಳು ಮೀರಿ ಉಳಿದ ಕತ್ತುನೋವು ನಿಮ್ಮದು ಎಂದುಕೊಂಡು ಮುಂದೆ ಹೋಗುತ್ತೇನೆ.

‘ಸವೆತ’ ಎಂಬ ಶಬ್ದದ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದು ಕಿವಿಗೆ ಬಿದ್ದ ದಿನದಿಂದ ಜನ ಕತ್ತನ್ನು ಗಾಜಿನ ಸಾಮಾನಿನಂತೆ ಹೊತ್ತು ತಿರುಗುವುದನ್ನು ನೋಡಿದ್ದೇನೆ. ಹೊರಳಿ ನೋಡಬೇಕಾದಲ್ಲಿ ಇಡೀ ಮೈಯನ್ನೇ ತಿರುಗಿಸುತ್ತಾರೆ, ಚೀಲವನ್ನು ಎಡಗೈಯಲ್ಲೇ ಹಿಡಿಯುತ್ತಾರೆ. ಜಪಾನಿನಲ್ಲಿ ಕತ್ತುನೋವೇ ಇಲ್ಲದ 1,211 ಜನರ ಕತ್ತಿನ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದರು. ಅವರಲ್ಲಿ 87.6 ಶೇಕಡಾ ಜನರಿಗೆ ಡಿಸ್ಕ್, ಅಂದರೆ ಕತ್ತಿನ ಮಣಿಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೇ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ ಹಾಗಿತ್ತು. ನೋವಿಲ್ಲದವರಿಗೇ ಇಷ್ಟೆಲ್ಲ ಕಾಣುವಾಗ, ನಿಮ್ಮ ಎಕ್ಸ್‌ರೇಯ ಸವೆತವೇ ನಿಮ್ಮ ನೋವಿನ ಕಾರಣ ಎಂದು ಹೇಳಲು ಯಾರಿಗೂ ಬಾರದು. ತಲೆ ನರೆತಂತೆ ಒಳಗೂ ವಯಸ್ಸಾಗುತ್ತದೆ, ಅಷ್ಟೆ.

ಇದೇ ಕಾರಣಕ್ಕೆ ‘ಮೂಳೆ ಸರಿದಿದೆ, ಕೂರಿಸುತ್ತೇನೆ’ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಕತ್ತಿನ ಏಳು ಮಣಿಗಳು ಹಿಂದೆ ಜೋಡಿ ಜೋಡಿ ಕೀಲುಗಳಿಂದ, ಸುತ್ತ ಗಟ್ಟಿ ಪಟ್ಟಿಗಳಿಂದ, ಪದರ ಪದರ ಸ್ನಾಯುಗಳಿಂದ ಬಿಗಿಯಾಗಿ ಹೆಣೆದುಕೊಂಡಿವೆ. ಅವು ಐದು ಕಿಲೋ ಆಸುಪಾಸಿನ ತಲೆಯನ್ನು ದಿನವಿಡೀ ಹೊರುತ್ತವೆ. ಕೂತಲ್ಲಿ ಕೂತು ಲೆಕ್ಕ ನೋಡುವಾಗ ಅವು ಜಾಗ ಬಿಟ್ಟು ಜಾರುವುದಿಲ್ಲ. ನಿಜವಾಗಿಯೂ ಜಾರಿದ್ದರೆ ಅದು ಅಪಘಾತದ ವಾರ್ಡಿನ ಸಂಗತಿ, ಕೈಯಿಂದ ಕೂರಿಸುವ ಸಂಗತಿ ಅಲ್ಲ. ಆ ಥೆರಪಿಸ್ಟ್ ಕೆಟ್ಟ ಉದ್ದೇಶದಿಂದ ಹಾಗೆಂದಿರಲಾರರು. ತಲೆಮಾರುಗಳಿಂದ ನಮ್ಮ ವೃತ್ತಿಯಲ್ಲೇ ಹೇಳಿಕೊಂಡು ಬಂದ ಮಾತದು. ಆದರೆ ಕೇಳಿದವರ ಮನಸ್ಸಿನಲ್ಲಿ ಅದು ಬೇರು ಬಿಡುತ್ತದೆ, ಪ್ರತಿ ಸಲ ನೋವು ಬಂದಾಗಲೂ ‘ಮತ್ತೆ ಜಾರಿತು’ ಎನಿಸುತ್ತದೆ, ಮತ್ತೆ ಕೂರಿಸಿಕೊಳ್ಳಲು ಓಡುವಂತಾಗುತ್ತದೆ. ಕೈಯಿಂದ ಮಾಡುವ ಚಿಕಿತ್ಸೆಗೆ ಈ ಕಥೆ ಬೇಕಾಗಿಯೂ ಇಲ್ಲ. ಕಥೆಯಿಲ್ಲದೆಯೇ ಅದು ಕೆಲಸ ಮಾಡುತ್ತದೆ.

ಹಾಗಾದರೆ ಕೈ ಏನು ಮಾಡುತ್ತದೆ? ಮ್ಯಾನ್ಯುಯಲ್ ಥೆರಪಿ ಎಂಬ ಒಂದೇ ಹೆಸರಿನಡಿ ಹಲವು ಕೆಲಸಗಳಿವೆ. ಸ್ನಾಯು ಒತ್ತಿ ಸಡಿಲಿಸುವುದು ಒಂದು. ಕೀಲನ್ನು ಮೆಲ್ಲನೆ ಲಯಬದ್ಧವಾಗಿ ಆಡಿಸುವುದು ಇನ್ನೊಂದು, ಇದನ್ನು ಮೊಬಿಲೈಸೇಶನ್ ಎನ್ನುತ್ತೇವೆ. ಚಕ್ಕನೆ ಒಂದು ಚಿಕ್ಕ ದೂಕು ಕೊಡುವುದು ಮೂರನೆಯದು, ಮ್ಯಾನಿಪ್ಯುಲೇಶನ್. ನಾನು ಹೆಚ್ಚಾಗಿ ಮಾಡುವುದು ಎರಡನೆಯದನ್ನು. ನೀವು ಹಾಸಿಗೆಯ ಮೇಲೆ ಬೋರಲು ಮಲಗಿರುತ್ತೀರಿ, ಹಣೆ ಅಂಗೈ ಮೇಲೆ. ನಡುವಿನ ಸಾಲಿನಿಂದ ಒಂದು ಹೆಬ್ಬೆರಳಗಲ ಬಲಕ್ಕೆ ಸರಿದರೆ ಸ್ನಾಯುವಿನ ಅಡಿಯಲ್ಲಿ ಕೀಲಿನ ಗಟ್ಟಿ ದಂಡೆ ಸಿಗುತ್ತದೆ. ಎರಡೂ ಹೆಬ್ಬೆರಳ ತುದಿಯನ್ನು ಅಲ್ಲಿಟ್ಟು ತೋಳಿನ ಭಾರವನ್ನು ನಿಧಾನ ಇಳಿಸುತ್ತೇನೆ, ಬಿಡುತ್ತೇನೆ, ಮತ್ತೆ ಇಳಿಸುತ್ತೇನೆ, ಸೆಕೆಂಡಿಗೆ ಒಂದೆರಡು ಸಲದಂತೆ ಅರ್ಧ, ಒಂದು ನಿಮಿಷ. ಮೊದಲ ಕೆಲವು ಒತ್ತಿಗೆ ನೀವು ಉಸಿರು ಹಿಡಿಯುತ್ತೀರಿ, ಹೆಗಲು ಕಿವಿಯತ್ತ ಏರುತ್ತದೆ. ಇಪ್ಪತ್ತು ಒತ್ತು ಮುಗಿಯುವಷ್ಟರಲ್ಲಿ ಹೆಗಲು ತಾನಾಗಿ ಇಳಿದಿರುತ್ತದೆ. ಎದ್ದು ಕೂರಿಸಿ ಬಲಕ್ಕೆ ಹೊರಳಿ ನೋಡಿ ಎಂದರೆ, ಮೊದಲು ಗೋಡೆಯ ಅಂಚಿಗೆ ನಿಂತಿದ್ದ ನೋಟ ಕಿಟಕಿಯವರೆಗೆ ಹೋಗುತ್ತದೆ. ಐದು ನಿಮಿಷದಲ್ಲಿ ಮೂಳೆಯ ಆಕಾರವಾಗಲಿ ಡಿಸ್ಕಿನ ಎತ್ತರವಾಗಲಿ ಬದಲಾಗಿರುವುದಿಲ್ಲ. ಬದಲಾದದ್ದು ನರಮಂಡಲದ ಕಾವಲು. ಕೀಲಿನಿಂದ, ಚರ್ಮದಿಂದ, ಸ್ನಾಯುವಿನಿಂದ ಹೋದ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೂ ಮಿದುಳಿನಲ್ಲೂ ನೋವಿನ ಸುದ್ದಿಯ ದನಿ ತಗ್ಗಿಸುತ್ತದೆ, ಕಾವಲಿಗೆಂದು ಬಿಗಿದಿದ್ದ ಸ್ನಾಯು ಸಡಿಲಾಗುತ್ತದೆ.

ಈ ಕೀಲಾಡಿಸುವ ವಿದ್ಯೆಗೆ ದರ್ಜೆಗಳನ್ನು ಹಾಕಿ ಕಲಿಸುವಂತೆ ಮಾಡಿದವರು ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್. ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ಅದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದರು. ಥೆರಪಿಸ್ಟ್ ಕೀಲನ್ನು ಒಂದು ದಿಕ್ಕಿಗೆ ಹಗುರಾಗಿ ಜಾರಿಸಿ ಹಿಡಿದಿರುವಾಗ ರೋಗಿಯೇ ಕತ್ತು ಹೊರಳಿಸಬೇಕು. ನನಗೆ ಈ ವಿಧಾನದ ಮೇಲೆ ಪ್ರೀತಿ ಹೆಚ್ಚು. ಇದರಲ್ಲಿ ರೋಗಿ ಸುಮ್ಮನೆ ಮಲಗಿರುವುದಿಲ್ಲ, ತನ್ನ ಕತ್ತು ತಾನೇ ಹೊರಳಿಸಿ ‘ನೋವಿಲ್ಲದೆ ಹೋಗುತ್ತದಲ್ಲ’ ಎಂದು ಕಂಡುಕೊಳ್ಳುತ್ತಾರೆ.

ಮ್ಯಾನಿಪ್ಯುಲೇಶನ್ ಮಾಡುವಾಗ ಬರುವ ‘ಟಕ್’ ಸದ್ದಿಗೆ ಜನ ಬಹಳ ಬೆಲೆ ಕೊಡುತ್ತಾರೆ. ಬೆರಳಿನ ನೆಟಿಗೆ ಮುರಿದಾಗ ಬರುವ ಸದ್ದೇ ಅದು. ಕೀಲಿನ ಎರಡು ಮುಖ ಸಟ್ಟನೆ ದೂರಾದಾಗ ಒಳಗಿನ ದ್ರವದಲ್ಲಿ ಅನಿಲ ತುಂಬಿದ ಪೊಳ್ಳು ಮೂಡುವುದನ್ನು 2015ರಲ್ಲಿ ಬೆರಳ ಕೀಲನ್ನು ಎಂಆರ್‌ಐ ಯಂತ್ರದೊಳಗಿಟ್ಟು ಎಳೆದೇ ತೋರಿಸಿದರು. ಯಾವುದೂ ‘ಕೂತ’ ಸದ್ದಲ್ಲ. ಸದ್ದು ಬಾರದಿದ್ದರೆ ಚಿಕಿತ್ಸೆ ಆಗಲಿಲ್ಲ ಎಂದೂ ಅರ್ಥವಲ್ಲ. ಚಿಕಿತ್ಸೆಗಳ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ 51 ಪ್ರಯೋಗಗಳನ್ನು, ಅವುಗಳಲ್ಲಿದ್ದ 2,920 ಜನರನ್ನು ಒಟ್ಟಿಗಿಟ್ಟು ನೋಡಿತು. ಕತ್ತಿಗೆ ಚಕ್ಕನೆ ದೂಕಿದರೂ ಮೆಲ್ಲನೆ ಆಡಿಸಿದರೂ ಫಲ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು.

ಫಲ ಒಂದೇ ಆಗಿದ್ದರೆ ಅಪಾಯ ಕಡಿಮೆ ಇರುವುದನ್ನು ಆರಿಸಬೇಕು ಎಂಬುದು ನನ್ನ ನಿಲುವು. ಕೈಚಿಕಿತ್ಸೆಯ ಮರುದಿನ ಮೈ ಕೈ ಹಿಂಡಿದಂತಾಗುವುದು, ಒಂದು ದಿನ ನೋವು ಹೆಚ್ಚಿದಂತೆ ಅನಿಸುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ. ಆದರೆ ಕತ್ತನ್ನು ಪೂರ್ತಿ ತಿರುವಿ ದೂಕುವಾಗ, ಬಹಳ ಅಪರೂಪಕ್ಕೆ, ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಕೆಲವರಲ್ಲಿ ನಾಳ ಮೊದಲೇ ಹರಿಯತೊಡಗಿದ್ದು, ಅದರದೇ ನೋವಿಗೆ ಅವರು ಚಿಕಿತ್ಸೆಗೆ ಬಂದಿರಲೂಬಹುದು. ಅದಕ್ಕೇ ಹಿಂದೆಂದೂ ಬಾರದ ಬಗೆಯ ಕತ್ತುನೋವು ಅಥವಾ ತಲೆನೋವು ಇದ್ದಕ್ಕಿದ್ದಂತೆ ಬಂದಿದ್ದರೆ, ಜೊತೆಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖದ ಒಂದು ಬದಿ ಮರಗಟ್ಟುವುದು ಇದ್ದರೆ, ಆ ಕತ್ತನ್ನು ಮುಟ್ಟಬಾರದು, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಸಂಧಿವಾತ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರು, ಮೂಳೆ ಟೊಳ್ಳಾದವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಕತ್ತಿಗೆ ದೂಕು ಕೊಡಿಸಿಕೊಳ್ಳಲೇಬಾರದು. ಉಳಿದವರೂ ‘ನನಗೆ ದೂಕುವುದು ಬೇಡ, ಮೆಲ್ಲನೆ ಆಡಿಸಿದರೆ ಸಾಕು’ ಎಂದು ಬಾಯಿಬಿಟ್ಟು ಹೇಳಬಹುದು. ನಿಮ್ಮ ಕತ್ತು, ನಿಮ್ಮ ಮಾತು. ಅದರಿಂದ ಬೇಸರಪಟ್ಟುಕೊಳ್ಳುವ ಥೆರಪಿಸ್ಟ್ ಆದರೆ ಬೇರೊಬ್ಬರನ್ನು ನೋಡಿ.

ಇನ್ನು ಕರೆಂಟಿಗೆ ಬರೋಣ. ನಿಮಗೆ ಕೊಟ್ಟದ್ದು ಬಹುಶಃ ಟೆನ್ಸ್, ಅಂದರೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಒಳಗಿನ ನರಗಳನ್ನು ಎಬ್ಬಿಸುವ ಸಣ್ಣ ವಿದ್ಯುತ್ ಮಿಡಿತ. ಕೆಲವು ಕಡೆ ಐಎಫ್‌ಟಿ ಕೊಡುತ್ತಾರೆ. ಅದರಲ್ಲಿ ಸೆಕೆಂಡಿಗೆ 4,000 ಸಲದ ಆಸುಪಾಸು ಮಿಡಿಯುವ ಎರಡು ಪ್ರವಾಹಗಳನ್ನು ಅಡ್ಡಡ್ಡ ಹಾಯಿಸುತ್ತಾರೆ. ನಿಮ್ಮ ಪ್ರಶ್ನೆಯ ಮಟ್ಟಿಗೆ ಎರಡನ್ನೂ ಒಂದೇ ಎಂದು ಹಿಡಿಯಬಹುದು.

ವಿದ್ಯುತ್ತಿನಿಂದ ನೋವು ಮರೆಸುವ ಯೋಚನೆ ಹೊಸತೇನಲ್ಲ. ಮೊದಲ ಶತಮಾನದ ರೋಮಿನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯ ತಲೆನೋವಿಗೂ ಕಾಲಿನ ಕೀಲುನೋವಿಗೂ ವಿದ್ಯುತ್ ಮೀನನ್ನು ತಾಗಿಸಲು ಬರೆದಿಟ್ಟಿದ್ದಾನೆ. ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಗೆ ಮಾತ್ರ 1965ರವರೆಗೆ ಕಾಯಬೇಕಾಯಿತು. ಆ ವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ನೋವಿನ ‘ದ್ವಾರ ಸಿದ್ಧಾಂತ’ ಮುಂದಿಟ್ಟರು. ಮೊಣಕೈ ಬಾಗಿಲಿಗೆ ತಾಗಿದರೆ ನಾವು ತಕ್ಷಣ ಅಲ್ಲಿ ಕೈಯಿಟ್ಟು ತಿಕ್ಕುತ್ತೇವಲ್ಲ, ಅದರ ಗುಟ್ಟು ಇದು. ಸ್ಪರ್ಶದ ಸುದ್ದಿ ಒಯ್ಯುವ ನರದ ಎಳೆಗಳು ದಪ್ಪ, ನೋವಿನ ಸುದ್ದಿಯವು ಸಣ್ಣ. ಎರಡೂ ಬೆನ್ನುಹುರಿಯ ಒಂದೇ ಬಾಗಿಲಿಗೆ ಬರುತ್ತವೆ. ದಪ್ಪ ಎಳೆಗಳಲ್ಲಿ ಸಂಚಾರ ಹೆಚ್ಚಿದರೆ ನೋವಿಗೆ ಬಾಗಿಲು ಅರ್ಧ ಮುಚ್ಚುತ್ತದೆ. 1967ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಇದನ್ನು ಪರೀಕ್ಷಿಸಲು ನೋವಿನ ರೋಗಿಗಳ ನರಗಳಿಗೆ ವಿದ್ಯುತ್ ಮಿಡಿತ ಕೊಟ್ಟು ನೋಡಿದರು, ನೋವು ತಾತ್ಕಾಲಿಕವಾಗಿ ತಗ್ಗಿತು. ಟೆನ್ಸ್ ಯಂತ್ರಗಳು ಬಂದದ್ದು ಆ ದಾರಿಯಲ್ಲಿ. ಮುಂದಿನ ಸಂಶೋಧನೆಗಳು, ದೇಹ ತಾನೇ ತಯಾರಿಸುವ ನೋವುನಿವಾರಕಗಳನ್ನೂ ಈ ಮಿಡಿತ ಹೊರಡಿಸುತ್ತದೆ ಎಂದು ತೋರಿಸಿದವು.

ಈಗ ಒಂದು ವಿಷಯ ಗಮನಿಸಿ. ಕೈಯೂ ಕರೆಂಟೂ ಬೇರೆ ಬೇರೆ ದಾರಿ ಎಂದು ತೋರುತ್ತವೆ, ಆದರೆ ಬಂದು ತಟ್ಟುವುದು ಬಹುಮಟ್ಟಿಗೆ ಅದೇ ಬಾಗಿಲನ್ನು. ಒಂದು ಹೆಬ್ಬೆರಳಿನಿಂದ, ಇನ್ನೊಂದು ಮಿಡಿತದಿಂದ. ಹಾಗಿದ್ದರೆ ಎರಡರ ಫಲವೂ ಹತ್ತಿರ ಹತ್ತಿರ ಇರಬೇಕಲ್ಲವೇ? ಮ್ಯಾಡ್ರಿಡ್‌ನ ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ನಿಮ್ಮಂಥದೇ ಕತ್ತುನೋವಿನ 90 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕೈಚಿಕಿತ್ಸೆ, ಇನ್ನೊಂದಕ್ಕೆ ಟೆನ್ಸ್ ಕೊಟ್ಟರು. ವರದಿ 2011ರಲ್ಲಿ ಬಂತು. ಚಿಕಿತ್ಸೆ ಮುಗಿದ ಕೂಡಲೇ ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಗಣನೀಯ ಗುಣ ಕಂಡಿತ್ತು. ಆರು ತಿಂಗಳ ಹೊತ್ತಿಗೆ ಆ ಗುಣ ಉಳಿದದ್ದು ಮೂರನೇ ಒಂದು ಭಾಗದವರಲ್ಲಿ. ನೋವಿನಲ್ಲಾಗಲಿ, ದಿನದ ಕೆಲಸ ಮಾಡುವುದರಲ್ಲಾಗಲಿ, ಬದುಕಿನ ನೆಮ್ಮದಿಯಲ್ಲಾಗಲಿ ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. ‘ಕರೆಂಟಿನಿಂದ ಏನೂ ಆಗದು, ಕೈಯೇ ಬೇಕು’ ಎನ್ನುವುದಕ್ಕೆ ಈ ಪ್ರಯೋಗ ಆಧಾರ ಕೊಡುವುದಿಲ್ಲ. ಕರೆಂಟಿಗೆ ಜೈ ಎನ್ನುವುದಕ್ಕೂ ಕೊಡುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ 183 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವನ್ನು ಕೈಚಿಕಿತ್ಸೆಯ ಪರ ಇರುವವರು ಎತ್ತಿ ತೋರಿಸುತ್ತಾರೆ. ಏಳು ವಾರದ ಕೊನೆಗೆ ಕೈಚಿಕಿತ್ಸೆಯ ಗುಂಪಿನಲ್ಲಿ 68.3 ಶೇಕಡಾ, ವ್ಯಾಯಾಮ ಮುಖ್ಯವಾಗಿದ್ದ ಫಿಸಿಯೋಥೆರಪಿಯಲ್ಲಿ 50.8, ಸಾಮಾನ್ಯ ವೈದ್ಯರ ಆರೈಕೆಯಲ್ಲಿ 35.9 ಶೇಕಡಾ ಜನ ಗುಣ ಕಂಡರು. ಒಳ್ಳೆಯ ಫಲವೇ. ಆದರೆ ವರ್ಷ ತುಂಬುವಷ್ಟರಲ್ಲಿ ಆ ಅಂತರ ಕರಗಿತ್ತು. ಟೆನ್ಸ್ ಬಗ್ಗೆ 2019ರ ಕಾಕ್ರೇನ್ ವಿಮರ್ಶೆಗೆ ಹಳೆಯ ಕತ್ತುನೋವಿನ ಮೇಲೆ ಸಿಕ್ಕಿದ್ದೇ ಏಳು ಪ್ರಯೋಗ, 651 ಜನ, ಅದರಿಂದ ಗಟ್ಟಿಯಾಗಿ ಏನೂ ಹೇಳಲು ಬಾರದು ಎಂದು ಅದು ಕೈಬಿಟ್ಟಿತು. ಯಾವ ಚಿಕಿತ್ಸೆ ಕೊಡಬೇಕು ಎಂದು ವೈದ್ಯರಿಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ ಎಂದೇ ಸೂಚಿಸಿತು. ಮರುವರ್ಷ, ದೇಹದ ನಾನಾ ಭಾಗಗಳ ನೋವಿನ ಮೇಲೆ ನಡೆದ 381 ಪ್ರಯೋಗಗಳನ್ನು ಕೂಡಿಸಿ ನೋಡಿದ ದೊಡ್ಡ ವಿಮರ್ಶೆಯೊಂದು, ಸರಿಯಾದ ತೀವ್ರತೆಯಲ್ಲಿ ಕೊಟ್ಟರೆ ಕೊಡುತ್ತಿರುವಾಗ ಮತ್ತು ಕೊಟ್ಟ ಕೂಡಲೇ ನೋವು ನಿಜಕ್ಕೂ ತಗ್ಗುತ್ತದೆ ಎಂದಿತು. ಎರಡನ್ನೂ ಓದಿ ಗೊಂದಲವಾಗಬೇಕಿಲ್ಲ. ಒಂದು ಕೇಳಿದ್ದು ‘ಇದರಿಂದ ದೀರ್ಘಕಾಲದ ನೋವು ವಾಸಿಯಾಗುತ್ತದೆಯೇ’ ಎಂದು, ಇನ್ನೊಂದು ಕೇಳಿದ್ದು ‘ಈಗ, ಈ ಗಳಿಗೆಯಲ್ಲಿ ತಗ್ಗುತ್ತದೆಯೇ’ ಎಂದು. ನಿಮ್ಮ ಅನುಭವವೂ ಎರಡಕ್ಕೂ ಹೊಂದುತ್ತದೆ.

ನಿಮಗೆ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಮುಂದಿನದು. ಫಿನ್ಲೆಂಡಿನಲ್ಲಿ ಹಳೆಯ ಕತ್ತುನೋವಿದ್ದ, ಕಚೇರಿ ಕೆಲಸದ 180 ಮಹಿಳೆಯರನ್ನು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು, 2003ರಲ್ಲಿ ಪ್ರಕಟಿಸಿದರು. ಒಂದು ಗುಂಪು ರಬ್ಬರ್ ಪಟ್ಟಿಯ ವಿರುದ್ಧ ಕತ್ತಿನ ಬಲ ಬೆಳೆಸಿತು, ಇನ್ನೊಂದು ಮಲಗಿ ತಲೆಯೆತ್ತುವ ಹಗುರ ವ್ಯಾಯಾಮವನ್ನು ಹೆಚ್ಚು ಸಲ ಮಾಡಿತು, ಇಬ್ಬರೂ ಡಂಬೆಲ್ ಹಿಡಿದು ತೋಳು ಹೆಗಲಿಗೂ ಕೆಲಸ ಕೊಟ್ಟರು. ಮೂರನೆಯ ಗುಂಪಿಗೆ ಸೆಳೆಯುವ ವ್ಯಾಯಾಮ ಮತ್ತು ನಡಿಗೆಯಂಥವುಗಳ ಸಲಹೆ ಮಾತ್ರ. ವರ್ಷದ ಕೊನೆಗೆ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು ಎಂದವರು ಬಲದ ಗುಂಪಿನಲ್ಲಿ 73 ಶೇಕಡಾ, ಎರಡನೆಯದರಲ್ಲಿ 59, ಮೂರನೆಯದರಲ್ಲಿ 21. ಹಾಸಿಗೆಯ ಮೇಲೆ ಮಲಗಿ ಪಡೆಯುವ ಯಾವ ಚಿಕಿತ್ಸೆಯೂ ವರ್ಷದ ಕೊನೆಗೆ ಇಂಥ ಅಂತರ ಉಳಿಸಿಕೊಂಡದ್ದನ್ನು ನಾನು ಓದಿಲ್ಲ. ಇಷ್ಟೊಂದು ಹೊತ್ತು ಎಲ್ಲಿಂದ ತರಲಿ ಎಂದು ನೀವು ಕೇಳಬಹುದು. ಡೆನ್ಮಾರ್ಕಿನವರು 2011ರಲ್ಲಿ 198 ಕಚೇರಿ ನೌಕರರಿಗೆ ರಬ್ಬರ್ ಟ್ಯೂಬ್ ಎಳೆಯುವ ವ್ಯಾಯಾಮ ಕೊಟ್ಟರು, ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಎರಡೇ ನಿಮಿಷ, ವಾರಕ್ಕೆ ಐದು ದಿನ. ಹತ್ತು ವಾರದಲ್ಲಿ ಎರಡೂ ಗುಂಪುಗಳ ನೋವು ತಗ್ಗಿತು.

ಆದರೆ ನೋವಿನ ಕತ್ತು ಹಿಡಿದುಕೊಂಡು ರಬ್ಬರ್ ಪಟ್ಟಿ ಎಳೆಯಲು ಯಾರಿಗೆ ಮನಸ್ಸು ಬರುತ್ತದೆ? ಕೈಯೂ ಕರೆಂಟೂ ಬೇಕಾಗುವುದು ಆಗ. ಅವು ತೆರೆದುಕೊಡುವ ಒಂದೆರಡು ಗಂಟೆಯನ್ನು ಕತ್ತಿಗೆ ಕೆಲಸ ಕಲಿಸಲು ಬಳಸಿಕೊಳ್ಳಿ. ಈಗ ಹೋಗುತ್ತಿರುವ ಥೆರಪಿಸ್ಟ್‌ಗೆ ನೀವು ಕೇಳಬೇಕಾದ್ದೂ ಇದನ್ನೇ: ‘ಕೈಚಿಕಿತ್ಸೆ ಮುಗಿದ ಮೇಲೆ ಉಳಿದ ಹೊತ್ತು ನನಗೆ ಯಾವ ವ್ಯಾಯಾಮ ಮಾಡಿಸುತ್ತೀರಿ, ವಾರ ವಾರ ಅದನ್ನು ಹೇಗೆ ಏರಿಸುತ್ತೀರಿ?’ ಉತ್ತರ ಸಿಕ್ಕರೆ ಅಲ್ಲೇ ಮುಂದುವರಿಯಿರಿ. ಆರೇಳು ಸಲ ಕೈಚಿಕಿತ್ಸೆ ಸಾಕು. ಅಷ್ಟರೊಳಗೆ ಬದಲಾವಣೆ ಕಾಣದಿದ್ದರೆ ಅರುವತ್ತು ಸಲ ಮಾಡಿಸಿದರೂ ಕಾಣುವುದು ಅನುಮಾನ.

ಎಲ್ಲಿಂದ ಶುರು ಮಾಡಬೇಕು ಎಂದರೆ, ತಲೆಯಾಡಿಸುವುದರಿಂದ. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ. ‘ಹೂಂ’ ಎನ್ನುವಾಗ ಗದ್ದ ಎಷ್ಟು ಇಳಿಯುತ್ತದೋ ಅಷ್ಟೇ ಇಳಿಸಿ, ಹೆಡತಲೆ ಟವೆಲ್ ಮೇಲೆ ಜಾರಬೇಕು, ಎದ್ದು ಬರಬಾರದು. ಕತ್ತಿನ ಮುಂಭಾಗಕ್ಕೆ ಎರಡು ಬೆರಳಿಟ್ಟು ನೋಡಿ. ಅಲ್ಲಿನ ಹಗ್ಗದಂಥ ಹೊರ ಸ್ನಾಯುಗಳು ಉಬ್ಬಿ ಬಂದರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ. ಅವು ಮೆತ್ತಗಿರುವಂತೆ ಹತ್ತು ಸೆಕೆಂಡ್ ಹಿಡಿಯಿರಿ, ಹತ್ತು ಸಲ. ಕತ್ತಿನ ಒಳಗಿನ ಆಳದ ಸ್ನಾಯುಗಳಿಗೆ ಕೆಲಸ ಸಿಗುವುದು ಹೀಗೆ. ಆಸ್ಟ್ರೇಲಿಯಾದ ಗ್ವೆಂಡೊಲಿನ್ ಜುಲ್ ಇದನ್ನು ಅಳೆಯಲು ಕತ್ತಿನ ಕೆಳಗೆ ಗಾಳಿ ತುಂಬಿದ ಚಿಕ್ಕ ಚೀಲವಿಟ್ಟು, ಒತ್ತಡವನ್ನು 20ರಿಂದ 30 ಮಿಲಿಮೀಟರ್ ಪಾದರಸದವರೆಗೆ ಎರಡೆರಡು ಏರಿಸುವ ಪರೀಕ್ಷೆ ರೂಪಿಸಿದರು. ನೋಡಲು ಏನೂ ಅಲ್ಲ ಎನಿಸುತ್ತದೆ. ನನ್ನ ಬಳಿ ಬರುವ ಹಳೆಯ ನೋವಿನವರಲ್ಲಿ ಹಲವರಿಗೆ ಮೊದಲ ದಿನ ಐದನೆಯ ಸಲಕ್ಕೇ ಕತ್ತು ನಡುಗುತ್ತದೆ.

ಒಂದೆರಡು ವಾರ ಕಳೆದ ಮೇಲೆ ರಬ್ಬರ್ ಪಟ್ಟಿ. ಪಟ್ಟಿಯ ನಡುಭಾಗವನ್ನು ಪಾದದಡಿ ಮೆಟ್ಟಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು, ತೋಳುಗಳನ್ನು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತಿ ನಿಧಾನ ಇಳಿಸುವುದು. ಆಮೇಲೆ ಪಟ್ಟಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಮೊಣಕೈ ಹಿಂದಕ್ಕೆಳೆದು ಭುಜದ ಹಲಗೆಗಳನ್ನು ಹತ್ತಿರ ತರುವುದು. ಮಾಡುವಾಗ ಹತ್ತರಲ್ಲಿ ಮೂರು ನಾಲ್ಕರಷ್ಟು ನೋವು ಬಂದರೆ ನಿಲ್ಲಿಸಬೇಡಿ, ಮರುದಿನ ಬೆಳಿಗ್ಗೆಗೆ ಅದು ಇಳಿದಿದ್ದರೆ ಸರಿ. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಿ, ಬಿಡಬೇಡಿ. ಕೂರುವ ಭಂಗಿಯ ಬಗ್ಗೆ ನಿಮಗೆ ಬಹಳ ಉಪದೇಶ ಸಿಕ್ಕಿರುತ್ತದೆ. ನನ್ನದು ಚಿಕ್ಕದು: ಹೇಗಾದರೂ ಕೂರಿ, ಆದರೆ ಹಾಗೆಯೇ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ.

ಕರೆಂಟಿನಿಂದ ನರಕ್ಕೆ ಪೆಟ್ಟಾಗುತ್ತದೆಯೇ ಎಂಬ ನಿಮ್ಮ ಭಯಕ್ಕೆ ಆಧಾರವಿಲ್ಲ. ಬ್ಯಾಟರಿಯಿಂದ ಬರುವ ಮಿಲಿಆಂಪಿಯರ್ ಲೆಕ್ಕದ ಪ್ರವಾಹವದು, ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ 50ರಿಂದ 200ರಷ್ಟು ಹೊತ್ತು ಮಾತ್ರ ಇರುತ್ತದೆ. ಸಾಮಾನ್ಯವಾಗಿ ಆಗುವ ತೊಂದರೆ ಪ್ಯಾಡ್ ಅಂಟಿಸಿದಲ್ಲಿ ಚರ್ಮ ಕೆಂಪಾಗಿ ತುರಿಸುವುದು, ಅಷ್ಟೆ. ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು, ಆ ಜಾಗದಲ್ಲಿ ಕ್ಯಾನ್ಸರ್ ಇರುವವರು ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ಸ್ಪರ್ಶ ತಿಳಿಯದ, ಗಾಯವಾದ ಚರ್ಮದ ಮೇಲೂ ಬೇಡ.

ಯಂತ್ರ ಮನೆಗೆ ತರಬಹುದೇ ಎಂದರೆ, ನಿಮ್ಮ ವಿಷಯದಲ್ಲಿ ಹೌದೆನ್ನುತ್ತೇನೆ. ಕರೆಂಟು ನಿಮಗೆ ಹಾಯೆನಿಸಿದ್ದನ್ನು ನೀವೇ ಕಂಡಿದ್ದೀರಿ, ಅದಕ್ಕಾಗಿ ಪ್ರತಿದಿನ ಯಾರ ಬಳಿಗೂ ಹೋಗಿ ಮಲಗಬೇಕಿಲ್ಲ. ಸಾಧ್ಯವಾದರೆ ಮೊದಲು ಒಂದು ವಾರ ಎರವಲು ತಂದು ನೋಡಿ. ಮಿಡಿತವನ್ನು ಸೆಕೆಂಡಿಗೆ 80ರಿಂದ 100ಕ್ಕೆ ಇಡಿ. ಎರಡು ಪ್ಯಾಡ್‌ಗಳು ಕತ್ತಿನ ಹಿಂಭಾಗದಲ್ಲಿ, ನಡು ಮೂಳೆಯ ಆಚೀಚೆ, ಅಥವಾ ಒಂದು ಕತ್ತಿನ ಬುಡದಲ್ಲಿ, ಇನ್ನೊಂದು ನೋಯುವ ಹೆಗಲ ಮೇಲೆ. ಒಂದಕ್ಕೊಂದು ತಾಗಬಾರದು. ಕತ್ತಿನ ಮುಂಭಾಗಕ್ಕೂ ಮಗ್ಗುಲಿಗೂ ಎಂದೂ ಬೇಡ. ಅಲ್ಲಿ ರಕ್ತದೊತ್ತಡವನ್ನು ಅಳೆದು ಹೃದಯಕ್ಕೆ ಸುದ್ದಿ ಕೊಡುವ ಜಾಗವಿದೆ, ಅದನ್ನು ಕೆರಳಿಸಿದರೆ ಒತ್ತಡ ಸಟ್ಟನೆ ಕುಸಿಯಬಹುದು, ಗಂಟಲ ಸ್ನಾಯುವೂ ಬಿಗಿಯಬಹುದು.

ಜನ ಹೆಚ್ಚಾಗಿ ತಪ್ಪುವುದು ತೀವ್ರತೆಯಲ್ಲಿ. ಸಣ್ಣಗೆ ಜುಮುಜುಮು ಎಂದಲ್ಲಿಗೇ ನಿಲ್ಲಿಸುತ್ತಾರೆ. ಅಷ್ಟು ಸಾಲದು. ಇನ್ನೊಂದು ಹೆಜ್ಜೆ ಏರಿಸಿದರೆ ಚುಚ್ಚುತ್ತದೆ ಎನ್ನುವ ತನಕ ಏರಿಸಿ, ಅಲ್ಲಿಂದ ಒಂದು ಹೆಜ್ಜೆ ಇಳಿಸಿ. ಬಲವಾಗಿರಬೇಕು, ಆದರೆ ಹಿತವಾಗಿರಬೇಕು. ಐದು ಹತ್ತು ನಿಮಿಷದಲ್ಲಿ ಮೈ ಅದಕ್ಕೆ ಒಗ್ಗಿ ಮಿಡಿತ ಮಾಸಿದಂತಾಗುತ್ತದೆ, ಆಗ ಮತ್ತೆ ಸ್ವಲ್ಪ ಏರಿಸಿ. ದಿನ ದಿನವೂ ಒಂದೇ ರೀತಿ ಹಾಕಿದರೆ ಪರಿಣಾಮ ಕುಂದುತ್ತ ಹೋಗುವುದೂ ಉಂಟು. ಅದಕ್ಕೆ ಕೆಲವು ದಿನ ಸೆಕೆಂಡಿಗೆ ಎರಡರಿಂದ ನಾಲ್ಕರ ನಿಧಾನ ಮಿಡಿತಕ್ಕೆ ಬದಲಿಸಬಹುದು, ಆಗ ಸ್ನಾಯು ಹಗುರಾಗಿ ಕುಣಿಯುವುದು ಕಾಣುತ್ತದೆ. ಅರ್ಧ ಗಂಟೆ ಹಾಕಿ. ಇದರ ಕೊನೆಯ ಹತ್ತು ನಿಮಿಷ ಸುಮ್ಮನೆ ಕೂರದೆ, ಯಂತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಪಟ್ಟಿಯ ವ್ಯಾಯಾಮ ಮಾಡಿ. ಹತ್ತು ದಿನ ಮಲಗಿ ಪಡೆದ ಕರೆಂಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನೀವೇ ನೋಡುತ್ತೀರಿ.

ಫಲ ಅಳೆಯಲು ಎಕ್ಸ್‌ರೇ ಬೇಡ. ನೋವಿನಿಂದ ಈಗ ಕಷ್ಟವಾಗುತ್ತಿರುವ ಮೂರು ಕೆಲಸ ಬರೆದಿಡಿ. ಗಾಡಿ ಹಿಂದಕ್ಕೆ ತೆಗೆಯುವಾಗ ಹೊರಳಿ ನೋಡುವುದು, ಒಂದು ಗಂಟೆ ಸತತ ಲೆಕ್ಕ ನೋಡುವುದು, ತಲೆಯ ಮೇಲಿನ ಕಪಾಟಿನಿಂದ ಕಡತ ಇಳಿಸುವುದು, ಹೀಗೆ ನಿಮ್ಮವೇ ಆಗಿರಲಿ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ, ಸೊನ್ನೆ ಎಂದರೆ ಆಗುವುದೇ ಇಲ್ಲ, ಹತ್ತು ಎಂದರೆ ನೋವು ಬರುವ ಮೊದಲಿನಂತೆ. ಎರಡು ವಾರಕ್ಕೊಮ್ಮೆ ಹಾಳೆ ತೆಗೆದು ಅಂಕ ಹಾಕಿ. ಆರು ವಾರದಲ್ಲಿ ಎರಡು ಮೂರು ಅಂಕ ಏರದಿದ್ದರೆ ವ್ಯಾಯಾಮದ ಭಾರ ಕಡಿಮೆಯಾಯಿತೋ, ನಿದ್ದೆ, ದುಗುಡ, ಕೆಲಸದ ಒತ್ತಡ ನೋವನ್ನು ಹಿಡಿದಿಟ್ಟಿವೆಯೋ ಎಂದು ಥೆರಪಿಸ್ಟ್ ಜೊತೆ ಕೂತು ಮಾತಾಡಬೇಕು. ಅವೂ ನೋವಿನ ಬಾಗಿಲನ್ನು ತೆರೆದಿಡುವಂಥವೇ.

ಕೊನೆಗೆ, ರಾತ್ರಿ ಹಾಕಿಕೊಂಡು ಮಲಗುವುದು. ಬೇಡ. ನಿದ್ದೆಯಲ್ಲಿ ಹೊರಳಿದಾಗ ಪ್ಯಾಡಿನ ಒಂದು ಅಂಚು ಏಳುತ್ತದೆ, ಇಡೀ ಪ್ರವಾಹ ಉಳಿದ ಚಿಕ್ಕ ಜಾಗದಿಂದಲೇ ಹಾಯ್ದು ಚರ್ಮ ಸುಡಬಹುದು. ಪ್ಯಾಡ್ ಕತ್ತಿನ ಮುಂದಕ್ಕೆ ಜಾರಿದರೂ ನಿಮಗೆ ತಿಳಿಯುವುದಿಲ್ಲ. ವಾಹನ ಓಡಿಸುವಾಗಲೂ, ಸ್ನಾನದಲ್ಲೂ ಬೇಡ. ಮಲಗುವ ಒಂದು ಗಂಟೆ ಮೊದಲು ಅರ್ಧ ಗಂಟೆ ಹಾಕಿ, ತೆಗೆದು, ಪ್ಯಾಡ್‌ಗಳನ್ನು ಅವುಗಳ ಪ್ಲಾಸ್ಟಿಕ್ ಹಾಳೆಗೆ ಮತ್ತೆ ಅಂಟಿಸಿಟ್ಟು ಮಲಗಿ. ಅಂಟು ಒಣಗಿದರೆ ಬೆರಳಿನಿಂದ ಒಂದೆರಡು ಹನಿ ನೀರು ಸವರಿ ನೋಡಿ, ಆಗಲೂ ಹಿಡಿಯದಿದ್ದರೆ ಹೊಸ ಪ್ಯಾಡ್ ಹಾಕುವ ಕಾಲ ಬಂದಿದೆ.